ಬ್ಯಾಟರಿಯೊಂದೇ ಅಪರಾಧಿಯಲ್ಲ

ಶಾಲೆ ತೆರೆಯುವ ದಿನಕ್ಕೂ ಮಳೆಗಾಲ ಕಾಲಿಡುವ ದಿನಕ್ಕೂ ನಮ್ಮ ಕಾಸರಗೋಡಿನಲ್ಲಿ ಹೆಚ್ಚಿನ ಅಂತರವಿರುವುದಿಲ್ಲ. ಕನ್ನಡ ಮಾಧ್ಯಮದ ಶಾಲೆ ಎಲ್ಲರ ಮನೆಯ ಹತ್ತಿರವೇ ಇರುವುದೂ ಇಲ್ಲ. ಆದುದರಿಂದ ಹಳೆಯದೊಂದು ಕಾರು, ಇಲ್ಲವೆ ನಾಲ್ಕೈದು ಮನೆಗಳ ಮಕ್ಕಳನ್ನು ಒಟ್ಟಿಗೆ ಕರೆದೊಯ್ಯುವ ಜೀಪು, ಅನೇಕ ಕುಟುಂಬಗಳ ಪಾಲಿಗೆ ವಿದ್ಯಾಭ್ಯಾಸದ ಒಂದು ಅಂಗವೇ ಆಗಿದೆ. ಅಂತಹ ವಾಹನವು ಬೆಳಗ್ಗೆ ಕೀಲಿ ತಿರುಗಿಸಿದಾಗ ‘ಕಟಕಟ’ ಎಂದು ಸುಮ್ಮನಾದರೆ, ದೋಷವೆಲ್ಲ ಬ್ಯಾಟರಿಯ ತಲೆಗೆ ಬರುತ್ತದೆ. ಸಾವಿರಾರು ರೂಪಾಯಿ ತೆತ್ತು ಹೊಸ ಬ್ಯಾಟರಿ ಕೂರಿಸಿದ ಎರಡೇ ವಾರಗಳಲ್ಲಿ ಅದೇ ಸದ್ದು ಮರಳಿ ಕೇಳಿಸುವುದೂ ಉಂಟು. ಕಾಯಿಲೆ ಒಂದು ಕಡೆ, ಔಷಧಿ ಇನ್ನೊಂದು ಕಡೆ ಆದುದರ ಫಲವಿದು.

ವಾಹನ ಹೊರಡುವ ಕ್ರಿಯೆಯಲ್ಲಿ ಪಾಲುದಾರರು ಮೂವರು: ವಿದ್ಯುತ್ತನ್ನು ಕೂಡಿಡುವ ಬ್ಯಾಟರಿ, ಎಂಜಿನ್ ತಿರುಗುವಾಗ ಅದನ್ನು ತುಂಬಿಸುವ ಆಲ್ಟರ್ನೇಟರ್, ಇವೆರಡನ್ನೂ ಬೆಸೆಯುವ ತಂತಿ ಮತ್ತು ಜೋಡಣೆಗಳು. ಈ ಮೂವರಲ್ಲಿ ತಪ್ಪು ಯಾರದೆಂದು ತಿಳಿಯದೆ ಹಣ ಬಿಚ್ಚಬಾರದು. ತಿಳಿಯಲು ಬೇಕಾದ ವಿದ್ಯೆಯೂ ಹೊಸದಲ್ಲ; ನಮ್ಮ ಮಕ್ಕಳ ವಿಜ್ಞಾನ ಪುಸ್ತಕದಲ್ಲೇ ಅದಿದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಆಲ್ಟರ್ನೇಟರಿನ ಜೀವಾಳ. ಎಂಜಿನ್ನಿನ ಬೆಲ್ಟು ಅದರೊಳಗಿನ ಕಾಂತವನ್ನು ತಿರುಗಿಸಿದಾಗ ಸುತ್ತಣ ಸುರುಳಿಗಳಲ್ಲಿ ಪರ್ಯಾಯ ವಿದ್ಯುತ್ತು ಹುಟ್ಟುತ್ತದೆ. ಡಯೋಡುಗಳು ಅದನ್ನು ನೇರ ವಿದ್ಯುತ್ತನ್ನಾಗಿಸುತ್ತವೆ. ರೆಗ್ಯುಲೇಟರು ಅದನ್ನು ಮಿತಿಯಲ್ಲಿಡುತ್ತದೆ. ಬ್ಯಾಟರಿಯಾದರೋ 1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ ಮತ್ತು ಗಂಧಕಾಮ್ಲದ ಕೋಶದ ವಂಶದ್ದು. ಸುಮಾರು 2.1 ವೋಲ್ಟಿನ ಆರು ಕೋಶಗಳು ಸಾಲಾಗಿ ಸೇರಿ ನಮ್ಮ ‘12 ವೋಲ್ಟ್’ ಬ್ಯಾಟರಿಯಾಗಿದೆ.

ಪರೀಕ್ಷೆಗೆ ಕೆಲವು ನೂರು ರೂಪಾಯಿಗೆ ದೊರೆಯುವ ಒಂದು ಮಲ್ಟಿಮೀಟರ್ ಸಾಕು. ಅದನ್ನು ನೇರ ವಿದ್ಯುತ್ತಿನ 20 ವೋಲ್ಟ್ ಸ್ಥಾನಕ್ಕೆ ತಿರುಗಿಸಬೇಕು. ಕೆಂಪು ತಂತಿ ಮೀಟರಿನ ವೋಲ್ಟ್ ರಂಧ್ರದಲ್ಲಿದೆಯೇ ಎಂದು ಎರಡು ಬಾರಿ ನೋಡಬೇಕು; ಆಂಪಿಯರ್ ರಂಧ್ರದಲ್ಲಿಟ್ಟು ಬ್ಯಾಟರಿಗೆ ಮುಟ್ಟಿಸಿದರೆ ಕಿಡಿ ಹಾರಿ ಮೀಟರು ಸುಟ್ಟುಹೋಗುತ್ತದೆ.

ಮೊದಲನೆಯದು ವಿಶ್ರಾಂತಿಯ ಪರೀಕ್ಷೆ. ರಾತ್ರಿಯಿಡೀ ನಿಂತಿದ್ದ ವಾಹನದ ಬ್ಯಾಟರಿಯನ್ನು ಬೆಳಗ್ಗೆ ಕೀಲಿ ಹಾಕುವ ಮೊದಲೇ ಅಳೆಯಬೇಕು. ಸುಮಾರು 12.6 ವೋಲ್ಟ್ ತೋರಿದರೆ ಪೂರ್ಣ ತುಂಬಿದೆ, 12.2 ಎಂದರೆ ಅರ್ಧ; 12ಕ್ಕಿಂತ ಕೆಳಗಿಳಿದರೆ ಬಹುಪಾಲು ಬರಿದಾಗಿದೆ. ಆದರೆ ಬರಿದಾದ ಬ್ಯಾಟರಿಯೆಲ್ಲ ಕೆಟ್ಟ ಬ್ಯಾಟರಿಯಲ್ಲ. ಹಸಿದವನನ್ನು ರೋಗಿಯೆಂದು ಕರೆಯುವ ಮೊದಲು ಊಟವಿಕ್ಕಿ ನೋಡಬೇಕು.

ಎರಡನೆಯದು ಹೊರೆಯ ಪರೀಕ್ಷೆ. ಬ್ಯಾಟರಿಯನ್ನು ಚಾರ್ಜರಿನಿಂದ ಪೂರ್ಣ ತುಂಬಿಸಿ, ಕೆಲವು ಗಂಟೆ ಬಿಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರು ನೋಡಬೇಕು. ಅಂಕಿ ತುಸು ಇಳಿಯುವುದು ಸಹಜ. ಪೂರ್ಣ ತುಂಬಿದ ಬ್ಯಾಟರಿಯೂ 9.6 ವೋಲ್ಟಿಗಿಂತ ಕೆಳಕ್ಕೆ ಕುಸಿದರೆ, ಅದರ ಕಾಲ ಮುಗಿಯುತ್ತ ಬಂದಿದೆಯೆಂದು ಸಂಶಯಪಡಬಹುದು. ಅಂಕಿ 12ರ ಸುತ್ತಲೇ ನಿಂತು, ಎಂಜಿನ್ ಮಾತ್ರ ಅಲುಗಾಡದೆ ಒಂದೇ ಒಂದು ‘ಟಕ್’ ಸದ್ದು ಕೇಳಿಸಿದರೆ ದೋಷವನ್ನು ಸೆಲ್ಫ್ ಮೋಟಾರಿನಲ್ಲಿ ಇಲ್ಲವೆ ಜೋಡಣೆಯಲ್ಲಿ ಹುಡುಕಬೇಕು.

ಮೂರನೆಯದು ಆಲ್ಟರ್ನೇಟರಿನದು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯ ಎರಡು ತುದಿಗಳ ನಡುವೆ ಸಾಮಾನ್ಯವಾಗಿ 13.8ರಿಂದ 14.7 ವೋಲ್ಟ್ ಇರಬೇಕು. ಹೆಡ್‌ಲೈಟು, ವೈಪರು, ಫ್ಯಾನುಗಳನ್ನು ಹಾಕಿದಾಗಲೂ ಬಹಳ ಇಳಿಯಬಾರದು. ಎಂಜಿನ್ ಓಡಿದರೂ ಅಂಕಿ 12.5ರ ಆಸುಪಾಸಿನಲ್ಲೇ ಇದ್ದು ಕ್ರಮೇಣ ಇಳಿಯುತ್ತಿದ್ದರೆ ಬ್ಯಾಟರಿಗೆ ಏನೂ ಸಲ್ಲುತ್ತಿಲ್ಲ. ಬೆಲ್ಟು ಸಡಿಲವಾಗಿರಬಹುದು, ಆಲ್ಟರ್ನೇಟರಿನ ಕಾರ್ಬನ್ ಬ್ರಷ್ ಸವೆದಿರಬಹುದು, ಡಯೋಡು ಕೆಟ್ಟಿರಬಹುದು. ಇಂತಹ ವಾಹನಕ್ಕೆ ಹೊಸ ಬ್ಯಾಟರಿ ಹಾಕುವುದು ತೂತಿರುವ ಕೊಡಕ್ಕೆ ನೀರು ಹೊಯ್ದಂತೆ. ಅಂಕಿ 15 ದಾಟಿದರೆ ರೆಗ್ಯುಲೇಟರು ಹಿಡಿತ ಕಳೆದುಕೊಂಡಿದೆ. ಆಮ್ಲದ ನೀರು ಆವಿಯಾಗಿ ಬ್ಯಾಟರಿ ಬೇಗನೆ ಸಾಯುತ್ತದೆ. ಕಂಪ್ಯೂಟರ್ ನಿಯಂತ್ರಣವಿರುವ ಕೆಲವು ಹೊಸ ಕಾರುಗಳಲ್ಲಿ ಮಾತ್ರ ಈ ಅಂಕಿ ಬೇಕೆಂದೇ ಏರಿಳಿಯುತ್ತದೆ. ಅಲ್ಲಿ ಒಂದೇ ನೋಟಕ್ಕೆ ತೀರ್ಮಾನ ಸಲ್ಲದು.

ಮುಂಭಾಗದ ಫಲಕದಲ್ಲಿರುವ ಕೆಂಪು ಬ್ಯಾಟರಿ ದೀಪವೂ ಒಂದು ಸಾಕ್ಷಿ. ಕೀಲಿ ತಿರುಗಿಸಿದಾಗ ಅದು ಹೊತ್ತಬೇಕು, ಎಂಜಿನ್ ಹೊರಟೊಡನೆ ಆರಬೇಕು. ಓಡುವಾಗ ಹೊತ್ತಿಕೊಂಡರೆ ಚಾರ್ಜಾಗುತ್ತಿಲ್ಲವೆಂದು ಅರ್ಥ.

ನಮ್ಮ ತೇವದ ಹವೆಯಲ್ಲಿ ಮರೆಯಬಾರದುದು ಜೋಡಣೆ. ಟರ್ಮಿನಲ್ ಮೇಲೆ ಬೆಳೆಯುವ ಬಿಳಿ ಅಥವಾ ಹಸಿರು ಪುಡಿ ವಿದ್ಯುತ್ತಿನ ದಾರಿಗೆ ಅಡ್ಡಗೋಡೆಯಾಗುತ್ತದೆ. ಸೆಲ್ಫ್ ಹೊಡೆಯುವಾಗ ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಕಂಬಕ್ಕೂ ಇನ್ನೊಂದನ್ನು ಅದಕ್ಕೆ ಬಿಗಿದ ಹಿಡಿಕೆಗೂ ತಾಗಿಸಿದರೆ ಹೆಚ್ಚುಕಡಿಮೆ ಸೊನ್ನೆ ತೋರಬೇಕು. ಅರ್ಧ ವೋಲ್ಟ್ ತೋರಿದರೆ ದೋಷ ಅಲ್ಲೇ ಇದೆ. ಎಂಜಿನ್ ನಿಲ್ಲಿಸಿ, ಮೊದಲು ಋಣ ತಂತಿ, ಆಮೇಲೆ ಧನ ತಂತಿ ಬಿಚ್ಚಿ, ಅಡುಗೆ ಸೋಡಾ ಬೆರೆಸಿದ ನೀರಿನಿಂದ ಉಜ್ಜಿ ಒರಸಿ, ಋಣ ತಂತಿಯನ್ನು ಕೊನೆಗೆ ಬಿಗಿದರೆ ಖರ್ಚಿಲ್ಲದೆ ಕೆಲಸ ಮುಗಿಯಿತು. ಸೋಡಾ ನೀರು ಕೋಶದೊಳಗೆ ಇಳಿಯದಂತೆ ನೋಡಿಕೊಳ್ಳಬೇಕು.

ಯಾವುದೂ ಕೆಡದೆಯೂ ಬ್ಯಾಟರಿ ಬರಿದಾಗಬಹುದು. ಶುಕ್ರವಾರ ಸಂಜೆ ಆರಿಸಲು ಮರೆತ 5 ವ್ಯಾಟಿನ ಒಳದೀಪವು ಸೋಮವಾರ ಬೆಳಗಿನ ಹೊತ್ತಿಗೆ ಸುಮಾರು 25 ಆಂಪಿಯರ್-ಗಂಟೆ ಕುಡಿದಿರುತ್ತದೆ. ಸಣ್ಣ ಕಾರಿನ ಬ್ಯಾಟರಿಯ ಒಟ್ಟು ಸಾಮರ್ಥ್ಯವೇ ಸುಮಾರು 35. ಮನೆಯಿಂದ ಶಾಲೆಗೆ ಒಂದೆರಡು ಕಿಲೋಮೀಟರು, ಮಳೆಗೆ ವೈಪರು, ಮಬ್ಬಿಗೆ ಹೆಡ್‌ಲೈಟು, ನಡುವೆ ನಾಲ್ಕು ಬಾರಿ ನಿಲ್ಲಿಸಿ ಹೊರಡಿಸುವುದು—ಇಷ್ಟೇ ದಿನಚರಿಯಾದರೆ, ತೆಗೆದುದನ್ನು ಮರಳಿ ತುಂಬಲು ಆಲ್ಟರ್ನೇಟರಿಗೆ ಸಮಯವೇ ಸಿಗುವುದಿಲ್ಲ. ವಾರಕ್ಕೊಮ್ಮೆ ಅರ್ಧ-ಮುಕ್ಕಾಲು ಗಂಟೆ ಎಡೆಬಿಡದೆ ಓಡಿಸುವುದು ಹಿತ.

ಎಚ್ಚರಿಕೆಯ ಮಾತುಗಳು ಕೆಲವಿವೆ. ಚಾರ್ಜಾಗುವ ಬ್ಯಾಟರಿಯಿಂದ ಹೊರಡುವ ಹೈಡ್ರೋಜನ್ ಕಿಡಿ ತಾಗಿದರೆ ಸಿಡಿಯುತ್ತದೆ. ಬಳಿಯಲ್ಲಿ ಬೀಡಿ, ಬೆಂಕಿಕಡ್ಡಿ ಬೇಡ. ಆಮ್ಲ ಕಣ್ಣಿಗೆ ಹಾರಿದರೆ ಧಾರಾಳ ನೀರಿನಿಂದ ತೊಳೆಯುತ್ತಲೇ ಇದ್ದು ಕೂಡಲೇ ವೈದ್ಯರಲ್ಲಿಗೆ ಹೋಗಬೇಕು. ಸೆರಗು, ಶಾಲು, ಸಡಿಲ ತೋಳು ತಿರುಗುವ ಬೆಲ್ಟಿನ ಹತ್ತಿರ ಸುಳಿಯಬಾರದು. ಎಂಜಿನ್ ಓಡುವಾಗಲೇ ಬ್ಯಾಟರಿಯ ತಂತಿ ಕಳಚಿ ನೋಡುವ ಪದ್ಧತಿ ಹಳೆಯ ಡೈನಮೋ ಕಾಲದ್ದು; ಇಂದಿನ ವಾಹನದಲ್ಲಿ ಹಾಗೆ ಮಾಡಿದರೆ ವೋಲ್ಟೇಜು ಒಮ್ಮೆಲೇ ಜಿಗಿದು ಡಯೋಡುಗಳೂ ಕಂಪ್ಯೂಟರೂ ಹಾಳಾಗಬಹುದು. ತೀರಿಹೋದ ಬ್ಯಾಟರಿಯನ್ನು ಗುಜರಿಗೆ ಎಸೆಯದೆ ಮಾರಾಟಗಾರರಿಗೇ ಹಿಂದಿರುಗಿಸಬೇಕು. ಅದರೊಳಗಿನ ಸೀಸ ಮಕ್ಕಳ ಮಿದುಳಿಗೆ ವಿಷ.

ವಿಶ್ರಾಂತಿಯಲ್ಲಿ ಎಷ್ಟು, ಸೆಲ್ಫ್ ಹೊಡೆಯುವಾಗ ಎಷ್ಟು, ಓಡುವಾಗ ಎಷ್ಟು—ಈ ಮೂರು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ವರ್ಕ್‌ಶಾಪಿಗೆ ಒಯ್ಯಿರಿ. ಮೆಕ್ಯಾನಿಕ್ ಮಲಯಾಳದಲ್ಲಿ ಮಾತನಾಡಲಿ, ತುಳುವಿನಲ್ಲಿ ಮಾತನಾಡಲಿ, ಆ ಅಂಕಿಗಳಿಗೆ ಅನುವಾದ ಬೇಕಿಲ್ಲ. ಮೀಟರು ಹಿಡಿಯುವ ಕೆಲಸವನ್ನು, ನೀವು ಪಕ್ಕದಲ್ಲಿ ನಿಂತು, ಮನೆಯ ಹತ್ತನೆಯ ತರಗತಿಯ ಮಗಳಿಗೋ ಮಗನಿಗೋ ವಹಿಸಿರಿ. ಕನ್ನಡದಲ್ಲಿ ಕಲಿತ ಭೌತಶಾಸ್ತ್ರ ಪರೀಕ್ಷೆಯ ಉತ್ತರಪತ್ರಿಕೆಯಾಚೆ ಏನಕ್ಕೆ ಬರುತ್ತದೆಂಬ ಪ್ರಶ್ನೆ ನಮ್ಮ ನಡುವೆ ಆಗಾಗ ಏಳುತ್ತದೆ. ಮನೆಯಂಗಳದಲ್ಲಿ ಬಾನೆಟ್ಟು ತೆರೆದು, ತಪ್ಪು ಬ್ಯಾಟರಿಯದಲ್ಲ, ಬೆಲ್ಟಿನದು ಎಂದು ತೋರಿಸಿಕೊಟ್ಟ ಮಗುವಿನ ಮನೆಯಲ್ಲಿ ಆ ಪ್ರಶ್ನೆಗೆ ಉತ್ತರ ದೊರೆತಿರುತ್ತದೆ. ಹೊಸ ಬ್ಯಾಟರಿಯ ಹಣವೂ ಉಳಿದಿರುತ್ತದೆ.