ಸಾರ್ವಜನಿಕ ಸ್ವತ್ತಿನ ವಿಲೇವಾರಿ: ಸ್ಥಳೀಯರ ಹಕ್ಕು, ಖರೀದಿದಾರರ ಎಚ್ಚರ

ಆದಾಯ ಸಾಲದಾದಾಗ ಸ್ಥಳೀಯ ಸಂಸ್ಥೆಗಳ ದೃಷ್ಟಿ ಮೊದಲು ಹರಿಯುವುದು ತಮ್ಮ ಸ್ಥಿರಾಸ್ತಿಯ ಕಡೆಗೆ. ನಿವೇಶನವನ್ನೋ ಹಳೆಯ ಕಟ್ಟಡವನ್ನೋ ಮಾರಿದರೆ ಒಮ್ಮೆಗೇ ಹಣ ಕೈಸೇರುತ್ತದೆ. ಆದರೆ ಜನರು ದಶಕಗಳಿಂದ ಬಳಸುತ್ತ ಬಂದ ಜಾಗವನ್ನು ಅವರನ್ನು ಕೇಳದೆ ಮಾರಬಹುದೇ? ಮಾರಿದರೆ, ಕೊಂಡವನ ಬಂಡವಾಳ ಎಷ್ಟು ಭದ್ರ? ಈ ಎರಡನೆಯ ಪ್ರಶ್ನೆ ವ್ಯಾಪಾರಿ ಬಾಂಧವರಿಗೆ ನೇರವಾಗಿ ಸಂಬಂಧಿಸಿದ್ದು.

ಇಂಗ್ಲೆಂಡಿನಲ್ಲಿ ಇಂತಹ ವಿವಾದಗಳು ಹಲವು ಸಲ ಪಬ್ಬುಗಳ ಸುತ್ತ ಎದ್ದಿವೆ. ಅಲ್ಲಿ ಪಬ್ ಎಂದರೆ ಮದ್ಯದಂಗಡಿ ಮಾತ್ರವಲ್ಲ, ಊರಿನವರು ಕೂಡುವ ಸ್ಥಳವೂ ಹೌದು. 2011ರ ಸ್ಥಳೀಯಾಡಳಿತ ಕಾಯಿದೆಯು, ಸಮುದಾಯಕ್ಕೆ ಉಪಯುಕ್ತವೆಂದು ಕೌನ್ಸಿಲ್ ಪಟ್ಟಿ ಮಾಡಿದ ಕಟ್ಟಡ ಮಾರಾಟಕ್ಕೆ ಬಂದಾಗ, ಸ್ಥಳೀಯರು ಹಣ ಹೊಂದಿಸಿಕೊಳ್ಳಲು ಆರು ತಿಂಗಳ ಕಾಲಾವಕಾಶ ಕಲ್ಪಿಸಿತು. ಲಂಡನ್ನಿನ ನನ್‌ಹೆಡ್ ಪ್ರದೇಶದ ಐವಿ ಹೌಸ್ ಎಂಬ ಪಬ್ಬನ್ನು 2013ರಲ್ಲಿ ನಿವಾಸಿಗಳೇ ಖರೀದಿಸಿ, ಷೇರು ಸಂಗ್ರಹಿಸಿ, ಸಹಕಾರಿ ಪದ್ಧತಿಯಲ್ಲಿ ನಡೆಸತೊಡಗಿದರು.

ಸದಾಶಿವನಗರದ ಪ್ರಕರಣ

ಇಂತಹ ಕಾಯಿದೆ ನಮ್ಮ ರಾಜ್ಯದಲ್ಲಿಲ್ಲ. ಆದರೂ ಸ್ಥಳೀಯರು ನಿರುಪಾಯರಲ್ಲವೆಂಬುದಕ್ಕೆ ಬೆಂಗಳೂರಿನದೇ ನಿದರ್ಶನವಿದೆ. ಸದಾಶಿವನಗರ ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಕಾದಿರಿಸಿದ್ದ ಜಾಗವನ್ನು 1976ರಲ್ಲಿ, ಸರಕಾರದ ಆದೇಶದ ಮೇರೆಗೆ, ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬೆಂಗಳೂರು ಮೆಡಿಕಲ್ ಟ್ರಸ್ಟ್‌ಗೆ ಆಸ್ಪತ್ರೆ ಕಟ್ಟಲು ಹಂಚಿಕೆ ಮಾಡಿತು. ಬಡಾವಣೆಯ ನಿವಾಸಿಗಳು ಉಚ್ಚ ನ್ಯಾಯಾಲಯದ ಮೊರೆಹೊಕ್ಕರು. ಏಕಸದಸ್ಯ ಪೀಠದಲ್ಲಿ ಅವರಿಗೆ ಸೋಲಾಯಿತು. ವಿಭಾಗೀಯ ಪೀಠ ಅವರ ಪರವಾಗಿ ತೀರ್ಪಿತ್ತಿತು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪನ್ನೇ ಎತ್ತಿಹಿಡಿಯಿತು.

ಆಸ್ಪತ್ರೆಯೂ ಜನೋಪಯೋಗಿಯೇ ಎಂಬ ವಾದ ನಿಲ್ಲಲಿಲ್ಲ. ಉದ್ಯಾನಕ್ಕೆಂದು ಮೀಸಲಾದ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ವಹಿಸಿಕೊಡುವುದು ಯೋಜನೆಯ ಉದ್ದೇಶಕ್ಕೇ ವಿರುದ್ಧವೆಂದು ನ್ಯಾಯಾಲಯ ಹೇಳಿತು. ಆ ಪ್ರದೇಶದ ನಿವಾಸಿಗಳಿಗೆ ಪ್ರಶ್ನಿಸುವ ಅಧಿಕಾರವಿದೆಯೆಂಬುದನ್ನೂ ಒಪ್ಪಿತು. ಹಂಚಿಕೆಯಾದ ಜಾಗ ಹದಿನೈದು ವರ್ಷಗಳ ಬಳಿಕ ಟ್ರಸ್ಟಿನ ಕೈತಪ್ಪಿತು ಎಂಬುದನ್ನು ಉದ್ಯಮಿಗಳು ಗಮನಿಸಬೇಕು.

ಲಖನೌ ನಗರದ ಪ್ರಕರಣ ವ್ಯಾಪಾರಕ್ಕೆ ಇನ್ನೂ ಹತ್ತಿರದ್ದು. ಅಲ್ಲಿನ ನಗರ ಮಹಾಪಾಲಿಕೆಯು ಅಮೀನಾಬಾದ್ ಮಾರುಕಟ್ಟೆ ಪ್ರದೇಶದ ಝಂಡೇವಾಲಾ ಉದ್ಯಾನದ ಅಡಿಯಲ್ಲಿ ನೆಲಮಾಳಿಗೆಯ ವಾಣಿಜ್ಯ ಸಂಕೀರ್ಣ ಕಟ್ಟಲು 1993ರಲ್ಲಿ, ಟೆಂಡರ್ ಕರೆಯದೆಯೇ, ಖಾಸಗಿ ಸಂಸ್ಥೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕಟ್ಟಡವನ್ನು ಕೆಡವಿ ಉದ್ಯಾನವನ್ನು ಮೊದಲಿನಂತೆ ಮಾಡಬೇಕೆಂದು ಆದೇಶಿಸಿತು. ಸ್ಥಳೀಯ ಸಂಸ್ಥೆಯು ಇಂತಹ ಆಸ್ತಿಗೆ ಒಡೆಯನಲ್ಲ, ಜನರ ಪರವಾಗಿ ಅದನ್ನು ನೋಡಿಕೊಳ್ಳುವ ಧರ್ಮದರ್ಶಿ ಎಂಬುದು ಆ ತೀರ್ಪಿನ ತಿರುಳು.

ನಮ್ಮ ಪಟ್ಟಣಗಳಿಗೆ ಅನ್ವಯ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಂತಹ ಪಟ್ಟಣಗಳಿಗೆ 1964ರ ಕರ್ನಾಟಕ ಪುರಸಭೆಗಳ ಅಧಿನಿಯಮ ಅನ್ವಯಿಸುತ್ತದೆ. ಅದರ 72ನೇ ಪ್ರಕರಣದಂತೆ ಸ್ಥಿರಾಸ್ತಿಯ ಮಾರಾಟಕ್ಕೂ ಐದು ವರ್ಷಗಳಿಗೆ ಮೀರಿದ ಗುತ್ತಿಗೆಗೂ ಸರಕಾರದ ಮಂಜೂರಾತಿ ಬೇಕು. ಸಭೆಯ ಠರಾವೊಂದೇ ಸಾಲದು. ಕಾನೂನುಬಾಹಿರ ಠರಾವನ್ನು ತಡೆಹಿಡಿಯುವ ಅಧಿಕಾರವನ್ನು 306ನೇ ಪ್ರಕರಣವು ಜಿಲ್ಲಾಧಿಕಾರಿಗಳಿಗೆ ಕೊಟ್ಟಿದೆ. ಠರಾವಿನ ಪ್ರತಿ, ನಕ್ಷೆ, ಮೌಲ್ಯಮಾಪನ ವರದಿಗಳನ್ನು 2005ರ ಮಾಹಿತಿ ಹಕ್ಕು ಅಧಿನಿಯಮದಡಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರಿಸಬೇಕು. ಇವೆಲ್ಲ ಫಲಿಸದಿದ್ದರೆ ಸಂವಿಧಾನದ 226ನೇ ಅನುಚ್ಛೇದದಂತೆ ಉಚ್ಚ ನ್ಯಾಯಾಲಯದ ಬಾಗಿಲು ತೆರೆದಿದೆ.

ವಿಳಂಬ ಮಾತ್ರ ಸಲ್ಲದು. ಕಟ್ಟಡ ಎದ್ದು ಮಳಿಗೆಗಳು ಮೂರನೆಯವರ ಕೈಸೇರಿದ ಮೇಲೆ ಪರಿಹಾರ ಕಷ್ಟಸಾಧ್ಯ. ಆದ್ದರಿಂದ ಆಕ್ಷೇಪಣೆಯನ್ನು ಹರಾಜು ಪ್ರಕಟಣೆ ಬಂದ ಕೂಡಲೇ ಲಿಖಿತವಾಗಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಲೇಸು.

ಸವಾಲಿನಲ್ಲಿ ಭಾಗವಹಿಸುವ ಸದಸ್ಯರು ಠೇವಣಿ ಕಟ್ಟುವ ಮುನ್ನ ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು: ಆ ಜಾಗವು ಅನುಮೋದಿತ ನಕ್ಷೆಯಲ್ಲಿ ಯಾವ ಉದ್ದೇಶಕ್ಕೆ ಮೀಸಲಾಗಿದೆ, ಸರಕಾರದ ಮಂಜೂರಾತಿ ಪತ್ರ ಇದೆಯೇ, ಹರಾಜನ್ನು ಬಹಿರಂಗವಾಗಿ ಪ್ರಕಟಿಸಲಾಗಿದೆಯೇ. ಇವುಗಳಲ್ಲಿ ಒಂದು ತಪ್ಪಿದರೂ ಅಗ್ಗಕ್ಕೆ ದೊರೆತ ನಿವೇಶನ ವರ್ಷಗಟ್ಟಲೆ ನ್ಯಾಯಾಲಯದಲ್ಲಿ ಸಿಲುಕಬಹುದು.

ಸಂತೆ, ಮಾರುಕಟ್ಟೆ, ಮೈದಾನಗಳಿಗೆ ಜನ ಬರುವುದರಿಂದಲೇ ಸುತ್ತಲಿನ ಅಂಗಡಿಗಳ ವಹಿವಾಟು ನಡೆಯುತ್ತದೆ. ಆ ಜಾಗಗಳ ರಕ್ಷಣೆಗೆ ನಿವಾಸಿಗಳು ಮುಂದಾದಾಗ ವರ್ತಕರು ಅದನ್ನು ಅಭಿವೃದ್ಧಿಗೆ ಅಡ್ಡಿಯೆಂದು ಎಣಿಸದೆ, ತಮ್ಮ ಹಿತವೂ ಅದರಲ್ಲಿ ಅಡಗಿದೆಯೆಂದು ತಿಳಿದು ಅವರೊಡನೆ ನಿಲ್ಲುವುದು ಉಚಿತ.