ಜೀವವಿಜ್ಞಾನ ನಿಯತಕಾಲಿಕಗಳ ಓದು: ಕಬ್ಬಿನ ಬಿಳಿ ಉಣ್ಣೆ ಹೇನಿನ ನಿದರ್ಶನ

ಜಮಖಂಡಿ ತಾಲ್ಲೂಕಿನ ಚಿಕ್ಕಪಡಸಲಗಿಯ ಹೆಸರು ನಾಡಿಗೆ ಪರಿಚಿತವಾದುದು 1989ರಲ್ಲಿ ಅಲ್ಲಿ ಕೃಷ್ಣಾ ನದಿಗೆ ಅಡ್ಡಲಾಗಿ ಎದ್ದುನಿಂತ ಬ್ಯಾರೇಜಿನಿಂದ. ಸಿದ್ದು ನ್ಯಾಮಗೌಡರ ನೇತೃತ್ವದಲ್ಲಿ ರೈತರು ತಮ್ಮದೇ ವಂತಿಗೆ ಮತ್ತು ಶ್ರಮದಾನದಿಂದ ಕಟ್ಟಿಕೊಂಡ ಈ ಜಲಾಶಯಕ್ಕೆ ‘ಶ್ರಮಬಿಂದು ಸಾಗರ’ವೆಂಬ ಹೆಸರು ಅನ್ವರ್ಥವಾಗಿಯೇ ಬಂದಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಪರಿಸರದ ನೀರಾವರಿ ಭೂಮಿಯಲ್ಲಿ ಕಬ್ಬು ಪ್ರಧಾನ ಬೆಳೆ. ಒಂದೇ ಬೆಳೆಯನ್ನು ನೆಚ್ಚಿದ ಇಂಥ ಸೀಮೆಗೆ ಅಪರಿಚಿತ ಕೀಟವೊಂದು ಕಾಲಿಟ್ಟರೆ, ಅದರ ಅರಿವು ಮೊದಲು ಯಾವ ಪತ್ರಿಕೆಯ ಪುಟದಲ್ಲಿ ದೊರೆಯುತ್ತದೆ? ಜೀವವಿಜ್ಞಾನದ ಅಧ್ಯಯನಕಾರರು ಯಾವ ನಿಯತಕಾಲಿಕಗಳನ್ನು ಓದಬೇಕು, ಗ್ರಂಥಾಲಯಗಳು ಯಾವುದನ್ನು ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಈ ದಿಕ್ಕಿನಿಂದ ಕೇಳುವುದು ವಾಡಿಕೆಯಲ್ಲಿಲ್ಲ.

2002ರಲ್ಲಿ ಮಹಾರಾಷ್ಟ್ರದ ಸಾಂಗ್ಲಿ ಭಾಗದ ಕಬ್ಬಿನಲ್ಲಿ ಬಿಳಿ ಉಣ್ಣೆ ಹೇನು ಉಗ್ರರೂಪದಲ್ಲಿ ಕಾಣಿಸಿಕೊಂಡು, ಕೆಲವೇ ತಿಂಗಳಲ್ಲಿ ಉತ್ತರ ಕರ್ನಾಟಕವನ್ನು ಪ್ರವೇಶಿಸಿತು. ಇದು ಎಲೆಯ ಕೆಳಮೈಯಲ್ಲಿ ಗುಂಪುಗುಂಪಾಗಿ ಕುಳಿತು ರಸ ಹೀರುತ್ತದೆ. ಮೈಯಿಂದ ಸ್ರವಿಸುವ ಮೇಣ ಹತ್ತಿಯ ಎಳೆಗಳಂತೆ ತೋರುತ್ತದೆ. ಅದು ವಿಸರ್ಜಿಸುವ ಸಿಹಿದ್ರವ ಕೆಳಗಿನ ಎಲೆಗಳ ಮೇಲೆ ಬಿದ್ದು, ಅಲ್ಲಿ ಕಪ್ಪು ಬೂಷ್ಟು ಬೆಳೆದು ದ್ಯುತಿಸಂಶ್ಲೇಷಣೆ ಕುಂಠಿತವಾಗುತ್ತದೆ. ಇಳುವರಿಯೊಡನೆ ಸಕ್ಕರೆಯ ಅಂಶವೂ ತಗ್ಗುತ್ತದೆ. ಆಳೆತ್ತರಕ್ಕೂ ಮಿಗಿಲಾಗಿ ಬೆಳೆದ ಕಬ್ಬಿನೊಳಗೆ ಹೊಕ್ಕು ಔಷಧಿ ಸಿಂಪಡಿಸುವುದು ದುಸ್ತರ. ಸಿಂಪಡಿಸಿದರೂ ಹೇನನ್ನು ತಿನ್ನುವ ಉಪಕಾರಿ ಕೀಟಗಳು ಅದರೊಡನೆ ಸಾಯುತ್ತವೆ.

ಈ ಕೀಟ ವಿಜ್ಞಾನಕ್ಕೆ ಹೊಸದೇನಾಗಿರಲಿಲ್ಲ. ಜಾವಾ ದ್ವೀಪದ ಕಬ್ಬಿನ ಸಂದರ್ಭದಲ್ಲಿ ಜೆಂಟ್ನರ್ 1897ರಷ್ಟು ಹಿಂದೆಯೇ ಇದನ್ನು ವರ್ಣಿಸಿ ‘ಸೆರಟೋವಾಕ್ಯುನಾ ಲ್ಯಾನಿಜೆರಾ’ ಎಂದು ಹೆಸರಿಸಿದ್ದನು; ಈಶಾನ್ಯ ಭಾರತದಲ್ಲಿಯೂ ಇದು ಪರಿಚಿತವಿತ್ತು. ಆದುದರಿಂದ 2002ರಲ್ಲಿ ಬೇಕಾದುದು ಹಳೆಯ ಸಂಪುಟಗಳ ನೆನಪು ಮತ್ತು ಹೊಸ ನೆಲೆಯ ಶೀಘ್ರ ದಾಖಲೆ, ಎರಡೂ. ಎರಡನೆಯದು ಒದಗಿದ್ದು ಬೆಂಗಳೂರಿನಿಂದ ಪ್ರಕಟವಾಗುವ ‘ಇನ್‌ಸೆಕ್ಟ್ ಎನ್ವಿರಾನ್‌ಮೆಂಟ್’ ಎಂಬ ಪುಟ್ಟ ತ್ರೈಮಾಸಿಕದಲ್ಲಿ. 2003ರಲ್ಲಿ ಆರ್.ಕೆ. ಪಾಟೀಲ ಮತ್ತು ಸಂಗಡಿಗರು ಉತ್ತರ ಕರ್ನಾಟಕದಲ್ಲಿ ಈ ಹೇನು ಕಂಡುಬಂದುದನ್ನು ಅದರಲ್ಲಿ ಎರಡೇ ಪುಟಗಳ ಟಿಪ್ಪಣಿಯಾಗಿ ದಾಖಲಿಸಿದರು. ಮರುವರ್ಷ ಸುನಿಲ್ ಜೋಶಿ ಮತ್ತು ಸಿ.ಎ. ವಿರಕ್ತಮಠ ಅವರು ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಕೀಟದ ಜೀವನಚರಿತ್ರೆ, ಹಾನಿಯ ಸ್ವರೂಪ, ಹತೋಟಿ ಕ್ರಮಗಳನ್ನು ಒಂದೆಡೆ ಕಲೆಹಾಕಿ ವಿಸ್ತೃತ ಸಮೀಕ್ಷೆ ಬರೆದರು. ಹೇನನ್ನು ತಿನ್ನುವ ಡೈಫಾ ಪತಂಗದ ಹುಳು, ಮೈಕ್ರೋಮಸ್, ಈಶಾನ್ಯದಿಂದ ತಂದು ಬಿಡಲಾದ ಎನ್‌ಕಾರ್ಸಿಯಾ ಎಂಬ ಸೂಕ್ಷ್ಮ ಕಣಜ — ಇವುಗಳ ಕುರಿತು ತಿಳಿಯಬಯಸುವವರು ‘ಜರ್ನಲ್ ಆಫ್ ಬಯಾಲಾಜಿಕಲ್ ಕಂಟ್ರೋಲ್’ ಹಾಗೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ‘ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ ಸಂಪುಟಗಳನ್ನು ತಿರುವಿಹಾಕಬೇಕಾಗುತ್ತದೆ.

ಹಾಗೆಂದು ಜಾಗತಿಕ ಪತ್ರಿಕೆಗಳನ್ನು ಕಡೆಗಣಿಸಲಾಗದು. 1869ರಲ್ಲಿ ಆರಂಭವಾದ ‘ನೇಚರ್’ ಪತ್ರಿಕೆಯಲ್ಲಿಯೇ 1938ರಲ್ಲಿ ಜಾನಕಿ ಅಮ್ಮಾಳ್ ಅವರು ಕಬ್ಬು ಮತ್ತು ಮೆಕ್ಕೆಜೋಳದ ಸಂಕರವನ್ನು ವರದಿಮಾಡಿದರು. ಅದೇ ಪತ್ರಿಕೆ 2024ರಲ್ಲಿ ‘ಆರ್570’ ತಳಿಯ ಅತಿಸಂಕೀರ್ಣ ಜೀನೋಮಿನ ರಚನೆಯನ್ನು ಪ್ರಕಟಿಸಿತು. ಮೂಲಭೂತ ತತ್ತ್ವಗಳಿಗೆ ಅಲ್ಲಿಗೇ ಹೋಗಬೇಕು. 1910ರಲ್ಲಿ ಬೇಟ್ಸನ್ ಮತ್ತು ಪನ್ನೆಟ್ ಸ್ಥಾಪಿಸಿದ ‘ಜರ್ನಲ್ ಆಫ್ ಜೆನೆಟಿಕ್ಸ್’ ಹಾಲ್ಡೇನರೊಡನೆ 1957ರಲ್ಲಿ ಭಾರತಕ್ಕೆ ಬಂದು, 1985ರಿಂದ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಆಶ್ರಯದಲ್ಲಿದೆ. ದೇಶೀಯ, ವಿದೇಶೀಯ ಎಂಬ ವಿಂಗಡಣೆ ಎಷ್ಟು ತೆಳುವೆಂಬುದಕ್ಕೆ ಇದೂ ಒಂದು ಸಾಕ್ಷಿ. ಆರಂಭಿಕ ಓದುಗರಿಗೆ ಅದೇ ಅಕಾಡೆಮಿಯ ‘ರೆಸೊನೆನ್ಸ್’ (1996) ಅನುಕೂಲಕರ.

ತೊಡಕಿರುವುದು ಆಯ್ಕೆಯ ಅಳತೆಗೋಲಿನಲ್ಲಿ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂಬುದು ಒಂದು ಪತ್ರಿಕೆಯ ಹಿಂದಿನ ಎರಡು ವರ್ಷಗಳ ಲೇಖನಗಳು ಸರಾಸರಿ ಎಷ್ಟು ಬಾರಿ ಉಲ್ಲೇಖಗೊಂಡವು ಎಂಬುದರ ಲೆಕ್ಕ. ಎರಡು ಪುಟದ ಪ್ರಾದೇಶಿಕ ಟಿಪ್ಪಣಿಗೆ ಈ ಲೆಕ್ಕದಲ್ಲಿ ಬೆಲೆಯಿಲ್ಲ. ಒಂದು ಜಿಲ್ಲೆಯ ಬೆಳೆಗೆ ಅದು ಎಷ್ಟು ತುರ್ತಾಗಿತ್ತೆಂಬುದನ್ನು ಈ ಸಂಖ್ಯೆ ಹೇಳಲಾರದು. ಮತ್ತೊಂದೆಡೆ, ಹಣ ಪಡೆದು ಪರಿಶೀಲನೆಯಿಲ್ಲದೆ ಅಚ್ಚುಹಾಕುವ ಪತ್ರಿಕೆಗಳ ಹಾವಳಿಯೂ ಇದೆ. ಅದನ್ನು ತಡೆಯಲೆಂದು ಬಂದ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ‘ಕೇರ್’ ಪಟ್ಟಿಯನ್ನು 2025ರಲ್ಲಿ ಕೈಬಿಡಲಾಯಿತು. ಈಗ ಸಂಪಾದಕ ಮಂಡಳಿ, ಪರಿಶೀಲನಾ ಕ್ರಮ, ಹಿಂದಿನ ಸಂಚಿಕೆಗಳನ್ನು ಓದುಗರೇ ನೋಡಿ ತೀರ್ಮಾನಿಸಬೇಕಾಗಿದೆ.

ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಅನುಮೋದಿಸಿದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ 30 ಅಂತರರಾಷ್ಟ್ರೀಯ ಪ್ರಕಾಶಕರ ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಒದಗಿಸುತ್ತದೆ. ದುಬಾರಿ ಚಂದಾದ ಹೊರೆ ಇಳಿದುದರಿಂದ, ಅಂಥ ಗ್ರಂಥಾಲಯಗಳ ಕಪಾಟು ಮತ್ತು ಅಲ್ಪ ಅನುದಾನ ಪ್ರಾದೇಶಿಕ ಪತ್ರಿಕೆಗಳ ಹಳೆಯ ಸಂಪುಟಗಳನ್ನು ಪೂರ್ಣವಾಗಿ ಕೂಡಿಸಿ, ರಟ್ಟು ಹಾಕಿಸಿ, ಸೂಚಿ ಸಿದ್ಧಪಡಿಸುವುದಕ್ಕೆ ಸಲ್ಲಬಹುದು. ಭಾರತೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಗಳು ಅದರ ಜಾಲತಾಣದಲ್ಲಿ ಉಚಿತವಾಗಿಯೇ ಲಭ್ಯವಿರುವುದರಿಂದ, ಯೋಜನೆಯ ಹೊರಗುಳಿದ ಖಾಸಗಿ ಕಾಲೇಜುಗಳ ಓದುಗರೂ ಅವನ್ನು ಇಂದೇ ಬಳಸಿಕೊಳ್ಳಬಹುದು.