ಕಣ್ಣಿಗೆ ಬಿದ್ದ ಹೊಟ್ಟು

1879ರ ಮಾತು. ಜರ್ಮನಿಯ ನೇತ್ರವೈದ್ಯ ಥಿಯೊಡೋರ್ ಲೇಬರನ ಬಳಿಗೆ ರೈತನೊಬ್ಬನು ಬಂದನು. ಓಟ್ಸ್ ಧಾನ್ಯವನ್ನು ಒಕ್ಕುತ್ತಿದ್ದಾಗ ಹೊಟ್ಟಿನ ಚೂರೊಂದು ಸಿಡಿದು ಅವನ ಕಣ್ಣಿಗೆ ತಗುಲಿತ್ತು. ಸುಗ್ಗಿಯ ಕಾಲದಲ್ಲಿ ಇದೇನು ಅಪರೂಪವಲ್ಲ. ಕಣ್ಣುಜ್ಜಿಕೊಂಡು ಮತ್ತೆ ಕೆಲಸಕ್ಕೆ ತೊಡಗುವುದೇ ವಾಡಿಕೆ. ಆದರೆ ಈತನ ಕಣ್ಣು ಕೆಂಪೇರಿ ಹುಣ್ಣಾಗಿತ್ತು. ಆ ಹುಣ್ಣಿನಲ್ಲಿ ಲೇಬರನು ಕಂಡುದು ಹಳಸಿದ ರೊಟ್ಟಿಯ ಮೇಲೆ ಬೆಳೆಯುವಂಥ ಬೂಷ್ಟನ್ನು! ಆಸ್ಪರ್‌ಜಿಲಸ್ ಎಂದು ಅದರ ಹೆಸರು. ಬೂಷ್ಟಿನಿಂದ ಕಣ್ಣು ಹುಣ್ಣಾಗುವ ಸಂಗತಿ ವೈದ್ಯಗ್ರಂಥಗಳಿಗೆ ಸೇರಿದುದು ಅಂದಿನಿಂದಲೇ.

ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನಂತೆ ಕುಳಿತಿರುವ ಪಾರದರ್ಶಕ ಪಟಲವೇ ಕಾರ್ನಿಯ. ನಡುಭಾಗದಲ್ಲಿ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳಿಲ್ಲ, ಇದ್ದಿದ್ದರೆ ಬೆಳಕು ನಿರ್ಮಲವಾಗಿ ಒಳಗೆ ಸಾಗುತ್ತಿರಲಿಲ್ಲ. ಈ ನಿರ್ಮಲತೆಗೆ ತೆರಬೇಕಾದ ಬೆಲೆಯೂ ಉಂಟು. ರಕ್ತ ಹರಿಯದ ಎಡೆಗೆ ರೋಗದೊಡನೆ ಹೋರಾಡುವ ಬಿಳಿಯ ಕಣಗಳು ತಡವಾಗಿ ಬಂದು ಸೇರುತ್ತವೆ. ಮೇಲ್ಪೊರೆ ಹರಿಯದಿರುವವರೆಗೆ ಚಿಂತೆಯಿಲ್ಲ. ಭತ್ತದ ಹೊಟ್ಟೋ ಕಬ್ಬಿನ ಗರಿಯೋ, ಕಡೆಗೆ ಹಸುವಿನ ಬಾಲದ ಬೀಸೋ ತಗುಲಿ ಗೀರು ಬಿದ್ದರೆ ಸಾಕು, ಬೂಷ್ಟಿಗೆ ಬಾಗಿಲು ತೆರೆದಂತೆಯೇ.

ಇದು ಸದ್ದಿಲ್ಲದೆ ಬೆಳೆಯುವ ಹುಣ್ಣು. ಅನೇಕ ವೇಳೆ ಮೊದಲ ದಿನಗಳಲ್ಲಿ ಕಸ ಬಿದ್ದಂಥ ಕಿರಿಕಿರಿಯಷ್ಟೇ. ಮನೆಯಲ್ಲಿ ಎದೆಹಾಲು, ಹರಳೆಣ್ಣೆ, ಸೊಪ್ಪಿನ ರಸ ಎಂದು ಒಂದಾದ ಮೇಲೊಂದು ಪ್ರಯೋಗ ನಡೆಯುತ್ತದೆ. ಅದಕ್ಕಿಂತಲೂ ಕೆಟ್ಟದ್ದು ಔಷಧದ ಅಂಗಡಿಯಲ್ಲಿ ಕೇಳಿ ತಂದ ಸ್ಟಿರಾಯ್ಡ್ ಹನಿ. ಹಾಕಿದೊಡನೆ ಕೆಂಪು ಇಳಿಯುತ್ತದೆ, ಉರಿ ತಗ್ಗುತ್ತದೆ, ಮನೆಮಂದಿಗೆಲ್ಲ ಸಮಾಧಾನ. ನಿಜದಲ್ಲಿ ಅದು ಕಾವಲುಗಾರನಿಗೆ ನಿದ್ದೆಯ ಮದ್ದು ಕುಡಿಸಿದಂತೆ. ಬೂಷ್ಟು ಒಳಗೊಳಗೆ ನಿರಾತಂಕವಾಗಿ ಹಬ್ಬುತ್ತದೆ. ತಜ್ಞರು ಹುಣ್ಣನ್ನು ಮೆಲ್ಲನೆ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕವಲೊಡೆದ ಎಳೆಗಳು ಕಂಡರೆ ಕಳ್ಳ ಸಿಕ್ಕಂತೆ.

ಮದ್ದು ದೊರೆತುದೂ ಮಣ್ಣಿನಿಂದಲೇ. 1955ರಲ್ಲಿ ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದ ಮಣ್ಣಿನಲ್ಲಿದ್ದ ಜೀವಾಣುವೊಂದರಿಂದ ನಟಮೈಸಿನ್ ಎಂಬ ವಸ್ತು ದೊರೆಯಿತು. ಚೀಸ್ ಬೂಷ್ಟು ಹಿಡಿಯದಂತೆ ಸವರುವುದೂ ಇದನ್ನೇ! ಹಾಲಿನಂತೆ ಬೆಳ್ಳಗಿರುವ ಈ ಹನಿಯನ್ನು ಸೀಸೆ ಕುಲುಕಿ ಮೊದಮೊದಲು ಗಂಟೆಗೊಮ್ಮೆ ಹಾಕಬೇಕು. ಆಳಕ್ಕೆ ಇಳಿಯುವ ಶಕ್ತಿ ಇದಕ್ಕೆ ಕಡಿಮೆ. ಹೊಸದಾಗಿ ಬಂದ ವೊರಿಕೊನಜೋಲ್ ಇದನ್ನು ಮೀರಿಸೀತೆಂದು ಹಲವರು ಎಣಿಸಿದ್ದರು. ತಮಿಳುನಾಡಿನ ಅರವಿಂದ್ ಕಣ್ಣಿನ ಆಸ್ಪತ್ರೆಗಳಲ್ಲಿ 323 ರೋಗಿಗಳ ಮೇಲೆ ಎರಡನ್ನೂ ಹೋಲಿಸಿ ನೋಡಿದಾಗ ಗೆದ್ದುದು ಹಳೆಯ ಮದ್ದೇ. ಆ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಮುಖ್ಯವಾಗಿ ಫ್ಯುಸೇರಿಯಂ ಎಂಬ ಬೂಷ್ಟಿನ ಮುಂದೆ ಅದರ ಮೇಲುಗೈ ಸ್ಪಷ್ಟವಾಗಿತ್ತು.

ಮದ್ದಿಗೆ ಮಣಿಯದೆ ಪಟಲ ತೂತಾದರೆ ಉಳಿಯುವ ದಾರಿ, ಮೃತರ ಕಣ್ಣಿನಿಂದ ಪಡೆದ ಕಾರ್ನಿಯವನ್ನು ಕಸಿ ಮಾಡುವುದು. ಅಂಚಿನಲ್ಲಿ ಬೂಷ್ಟಿನ ಎಳೆಯೊಂದು ಉಳಿದಿದ್ದರೂ ಹೊಸ ಪಟಲಕ್ಕೆ ಅದೇ ರೋಗ ಮರಳಿ ಬರಬಹುದು. ವಾಸಿಯಾದ ಕಣ್ಣಿನಲ್ಲಿಯೂ ಹಲವೊಮ್ಮೆ ಬಿಳಿಯ ಕಲೆ ಉಳಿದುಬಿಡುತ್ತದೆ. ಕಣ್ಣಿಗೆ ಹೂ ಬಿದ್ದಿತೆಂದು ಜನ ಹೇಳುವುದು ಇದನ್ನೇ.

ಆ ಹೂ ಬೀಳದಂತೆ ತಡೆಯಲು ನೇಪಾಳದ ಭಕ್ತಪುರದಲ್ಲಿ ಒಂದು ಪ್ರಯತ್ನ ನಡೆಯಿತು. ಅದರ ವರದಿ ಹೊರಬಂದುದು 2001ರಲ್ಲಿ. ಹಳ್ಳಿಯ ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಕಣ್ಣಿಗೆ ಗೀರು ಬಿದ್ದವರಿಗೆಲ್ಲ ಕ್ಲೋರಾಂಫೆನಿಕಾಲ್ ಮುಲಾಮನ್ನು ದಿನಕ್ಕೆ ಮೂರು ಸಲದಂತೆ ಮೂರು ದಿನ ಹಚ್ಚಿಸಲಾಯಿತು. ಅಂಥವರು 442 ಮಂದಿ. ತಡಮಾಡಿ ಬಂದವರಲ್ಲಿ ಕೆಲವರಿಗೆ ಹುಣ್ಣಾಯಿತು. ಪೆಟ್ಟು ಬಿದ್ದ 18 ಗಂಟೆಗಳೊಳಗೆ ಬಂದವರಲ್ಲಿ ಒಬ್ಬರಿಗೂ ಆಗಲಿಲ್ಲ.